ಸ್ಟೀಲ್ ಲೋಟದ ಶಾಸನಕರ್ತರು

ಶಾಸನ ಹಾಕಿಸುವ ಚಟ ರಾಜಮಹಾರಾಜರ ಕಾಲಕ್ಕೇ ಮುಗಿಯಿತು ಎಂದು ನಂಬಿರುವವರು ದಯವಿಟ್ಟು ತಮ್ಮ ಮನೆಯ ಅಟ್ಟ ಹತ್ತಲಿ. ಅಲ್ಲಿ ಗೋಣಿಚೀಲದಲ್ಲಿ ಕಟ್ಟಿಟ್ಟ ಸ್ಟೀಲ್ ಪಾತ್ರೆಗಳನ್ನು ಒಂದೊಂದಾಗಿ ತಿರುಗಿಸಿ ಓದಲಿ. ‘ಗೃಹಪ್ರವೇಶದ ಸವಿನೆನಪಿಗೆ’, ‘ಸೋದರಮಾವನ ಉಡುಗೊರೆ’, ‘ಸತ್ಯನಾರಾಯಣ ಪೂಜೆ, 1987’. ಯಾರ ಮದುವೆಗೆ ಯಾರು ಕೊಳಗ ಕೊಟ್ಟರು, ಯಾರು ಬರೀ ಸೌಟಿನಲ್ಲಿ ಮುಗಿಸಿದರು ಎಂಬ ಸಮಸ್ತ ಕುಟುಂಬ ಚರಿತ್ರೆ ಅಲ್ಲಿದೆ. ಬಿ. ಎಲ್. ರೈಸ್ ಸಾಹೇಬರು ನಮ್ಮ ನಾಡಿನ ಸಾವಿರಾರು ಶಾಸನಗಳನ್ನು ಸೇರಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ತಂದದ್ದು 1886ರಲ್ಲಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಕಾಯಿಸಿದ್ದು 1913ರಲ್ಲಿ. ಈ ಇಸವಿಗಳು ಹಿಂದುಮುಂದಾದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಸಾಹೇಬರು ನಮ್ಮ ಅಡುಗೆಮನೆ ದಾಟಿ ಮುಂದೆ ಹೋಗುತ್ತಲೇ ಇರಲಿಲ್ಲ.

ಕಲ್ಲಿನ ಶಾಸನಕ್ಕೂ ಲೋಟದ ಶಾಸನಕ್ಕೂ ಒಂದೇ ವ್ಯತ್ಯಾಸ. ಹಳಬರು ದಾನದ ವಿವರವೆಲ್ಲ ಬರೆದು ಕೊನೆಗೆ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು ಶಾಪಾಶಯ ಹಾಕಿಸುತ್ತಿದ್ದರು. ಲೋಟದ ಮೇಲೆ ಅಷ್ಟು ಜಾಗವಿಲ್ಲ. ಪಕ್ಕದ ಮನೆಗೆ ಸಾರು ತುಂಬಿ ಕಳಿಸಿದ ಡಬರಿ ವರ್ಷಗಟ್ಟಲೆ ಅಲ್ಲೇ ಬೀಡುಬಿಡುವುದಕ್ಕೆ ಇದೇ ಕಾರಣವಿರಬೇಕು.

ಮೊದಲೆಲ್ಲ ಈ ಕೆಲಸ ಪಾತ್ರೆ ಅಂಗಡಿಯವರ ಪಾಲಿಗಿತ್ತು. ಚಿಕ್ಕಪೇಟೆಯಲ್ಲಾಗಲಿ ಊರಿನ ಸಂತೆಬೀದಿಯಲ್ಲಾಗಲಿ, ಪಾತ್ರೆ ಕೊಂಡು ಹೆಸರಿನ ಚೀಟಿ ಕೊಟ್ಟರೆ ಮೂಲೆಯಲ್ಲಿ ಕೂತ ಹುಡುಗ ಹೆಸರು ಕೊರೆಯುವ ಮಷಿನ್ ಹಿಡಿದು ಬರೆದುಕೊಡುತ್ತಿದ್ದ. ಅವನ ಕೈ ನೋಡುವುದೇ ಒಂದು ಮಜ. ಮಡಿಸಿದ ಗೋಣಿಯ ಮೇಲೆ ಪಾತ್ರೆಯನ್ನು ಒರಗಿಸಿ, ಮಣಿಕಟ್ಟನ್ನು ಪಾತ್ರೆಯ ಮೇಲೇ ಊರಿ, ಎಡಗೈಯನ್ನು ಮೊನೆಯ ಹಿಂದೆ ಇಟ್ಟುಕೊಂಡು ಚುಕ್ಕಿ ಚುಕ್ಕಿಯಾಗಿ ಬರೆಯುತ್ತಿದ್ದ. ಎಡಗೈ ಒಮ್ಮೆಯೂ ಮೊನೆಯ ದಾರಿಗೆ ಅಡ್ಡ ಬರುತ್ತಿರಲಿಲ್ಲ. ಆ ಹುಡುಗನಿಗೆ ಯಾರೂ ಸುರಕ್ಷತೆಯ ಪಾಠ ಹೇಳಿರಲಿಲ್ಲ, ಹತ್ತು ಬೆರಳೂ ಬೇಕು ಎಂಬ ಅರಿವು ಮಾತ್ರ ಇತ್ತು.

ಈಗ ಆ ಮಷಿನ್ ಮೊಬೈಲಿನಲ್ಲಿ ಒತ್ತಿದರೆ ಮನೆಬಾಗಿಲಿಗೇ ಬರುತ್ತದೆ. ಬಂದದ್ದು ಯಾರ ಮನೆಗೆ ಅಂತೀರಿ? ನಮ್ಮ ಭಾವನವರ ಮನೆಗೆ. ಬ್ಯಾಂಕಿನಿಂದ ನಿವೃತ್ತರಾದವರು. ಆಯುಷ್ಯವೆಲ್ಲ ದಿನಕ್ಕೆ ನೂರಾರು ಸಹಿ ಹಾಕಿದ ಕೈ, ನಿವೃತ್ತಿಯಾದ ಮೇಲೆ ಸಹಿ ಹಾಕಲು ಏನೂ ಸಿಗದೆ ತುರಿಸುತ್ತಿತ್ತು. ಈಗ ಮನೆಯ ಚಮಚಗಳಿಗೂ ಮ್ಯಾನೇಜರರ ಅನುಮೋದನೆ ಸಿಕ್ಕಿದೆ.

ಹೊಯ್ಸಳರ ಶಿಲ್ಪಿ ಮಲ್ಲಿತಮ್ಮನೂ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರು ಹಾಕಿಕೊಂಡವನೇ, ಸೋಮನಾಥಪುರದಲ್ಲಿ ಇವತ್ತಿಗೂ ಕಾಣುತ್ತದೆ. ಆದರೆ ಅವನು ಮೊದಲು ವಿಗ್ರಹ ಕಡೆದ, ಆಮೇಲೆ ಹೆಸರು ಹಾಕಿದ. ಭಾವನವರು ನೇರವಾಗಿ ಎರಡನೆಯ ಹಂತಕ್ಕೇ ಜಿಗಿದಿದ್ದಾರೆ.

ಅವರ ಮೊದಲ ಮಷಿನ್ ಅಮೆರಿಕದಿಂದ ಮಗಳು ತಂದದ್ದು. ಅಲ್ಲಿಯ ಕರೆಂಟು 120 ವೋಲ್ಟು, ನಮ್ಮದು 230. ಪ್ಲಗ್ಗಿನ ಕಾಲು ನಮ್ಮ ಸಾಕೆಟ್ಟಿಗೆ ಕೂರಲಿಲ್ಲ ಅಂತ ಭಾವನವರು ಅಂಗಡಿಯಿಂದ ಪುಟ್ಟದೊಂದು ಅಡಾಪ್ಟರ್ ತಂದರು. ಅದು ಬದಲಾಯಿಸುವುದು ಕಾಲಿನ ಆಕಾರವನ್ನು, ವೋಲ್ಟೇಜನ್ನಲ್ಲ. ಸ್ವಿಚ್ ಒತ್ತಿದರು. ಮಷಿನ್ ಒಂದು ಸಲ ಗುರ್ರೆಂದು, ಸುಟ್ಟ ವಾರ್ನಿಷ್ಷಿನ ವಾಸನೆ ಬಿಟ್ಟು ತೆಪ್ಪಗಾಯಿತು. ‘ವಿದೇಶಿ ಮಾಲು, ಇಲ್ಲಿಯ ಹವಾ ಒಗ್ಗಲಿಲ್ಲ’ ಅಂದರು ಭಾವ. ಹವೆಯದೇನೂ ತಪ್ಪಿರಲಿಲ್ಲ. ಮೈಮೇಲಿನ ಚೀಟಿಯಲ್ಲಿ ವೋಲ್ಟೇಜು ಅಚ್ಚಾಗಿಯೇ ಇತ್ತು, ಓದುವ ಕನ್ನಡಕ ಹಣೆಯ ಮೇಲಿತ್ತು.

ಎರಡನೆಯದು ಇಲ್ಲಿಯದೇ. ನೋಡಲು ದಪ್ಪ ಪೆನ್ನಿನ ಹಾಗಿದೆ, ಎಲ್ಲ ತಾಪತ್ರಯದ ಮೂಲವೂ ಅಲ್ಲೇ. ಪೆನ್ನಿನ ಹಾಗೆ ಕಂಡದ್ದನ್ನು ಜನ ಪೆನ್ನಿನ ಹಾಗೆಯೇ ಹಿಡಿಯುತ್ತಾರೆ, ಪೆನ್ನಿಗೆ ಎಷ್ಟು ಹೆದರುತ್ತಾರೋ ಅಷ್ಟೇ ಹೆದರುತ್ತಾರೆ. ಒಳಗಿನ ಕಥೆ ಬೇರೆ. ತಂತಿಯ ಸುರುಳಿಯೊಂದು ಕಬ್ಬಿಣದ ತುಂಡನ್ನು ಸೆಳೆಯುತ್ತದೆ, ಸ್ಪ್ರಿಂಗು ವಾಪಸ್ ತಳ್ಳುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೋಗಿಬರುತ್ತದಲ್ಲ, ಹೋಗುವಾಗ ಒಂದು ಸೆಳೆತ, ಬರುವಾಗ ಒಂದು ಸೆಳೆತ. ಅಲ್ಲಿಗೆ ಸೆಕೆಂಡಿಗೆ 100 ಏಟು, ನಿಮಿಷಕ್ಕೆ 6,000. ಅಮೆರಿಕದ 60ರ ಲೆಕ್ಕದಲ್ಲಿ ಅದೇ 7,200. ತುದಿಯಲ್ಲಿರುವುದು ಟಂಗ್‌ಸ್ಟನ್ ಕಾರ್ಬೈಡ್, ಉಕ್ಕನ್ನೇ ಕುಟುಕುವ ಗಟ್ಟಿ ಆಸಾಮಿ.

ಇದರ ವಂಶಾವಳಿಯನ್ನೂ ಭಾವನವರಿಗೆ ಒಮ್ಮೆ ಒಪ್ಪಿಸಿದೆ. ಎಡಿಸನ್ 1876ರಲ್ಲಿ ಕಾಗದಕ್ಕೆ ಸಾಲಾಗಿ ತೂತು ಹೊಡೆಯುವ ವಿದ್ಯುತ್ ಪೆನ್ನಿಗೆ ಪೇಟೆಂಟ್ ಪಡೆದ, ಬರಹದ ನಕಲು ತೆಗೆಯಲಿಕ್ಕೆ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಅದೇ ಜಾಡಿನಲ್ಲಿ 1891ರಲ್ಲಿ ಹಚ್ಚೆ ಹಾಕುವ ಮಷಿನ್ನಿಗೆ ಪೇಟೆಂಟ್ ಪಡೆದ. ಅಂದರೆ ಭಾವ, ನಿಮ್ಮ ಕೈಯಲ್ಲಿರುವುದು ಹಚ್ಚೆ ಮಷಿನ್ನಿನ ದಾಯಾದಿ. ಲೋಟ ಯಾವುದು, ಹೆಬ್ಬೆರಳು ಯಾವುದು ಎಂಬ ಭೇದಭಾವ ಅದಕ್ಕಿಲ್ಲ.

ಅದಕ್ಕೇ ಹೇಳುವುದು, ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಡಿ. ಹೊಳೆಯುವ ಸ್ಟೀಲಿನ ಮೇಲೆ ಮೊನೆ ಮೊದಲ ಏಟಿಗೇ ಜಾರುತ್ತದೆ. ಜಾರಿದರೆ ಮುಂದಿರುವುದು ಪಂಚೆ, ಪಂಚೆಯ ಹಿಂದೆ ನೀವು. ಮೇಜಿನ ಮೇಲೆ ಹಳೆಯ ಟವೆಲ್ ಮಡಿಸಿ ಹಾಸಿ, ಲೋಟ ಉರುಳದಂತೆ ಒರಗಿಸಿ. ಬರೆಯುವ ಜಾಗಕ್ಕೆ ಕಾಗದದ ಟೇಪು ಅಂಟಿಸಿ, ಅದರ ಮೇಲೆ ಅಕ್ಷರ ಬರೆದುಕೊಂಡು, ಟೇಪಿನ ಮೇಲೇ ಮಷಿನ್ ಓಡಿಸಿ. ಮೊನೆಗೂ ಹಿಡಿತ, ಒತ್ತಕ್ಷರಕ್ಕೂ ದಾರಿ. ಆಳದ ತಿರುಪನ್ನು ಕಡಿಮೆಯಲ್ಲೇ ಇಟ್ಟು ಶುರುಮಾಡಿ. ಒತ್ತಿ ಬರೆಯುವ ಅಗತ್ಯವಿಲ್ಲ. ಅದು ಕಾರ್ಬನ್ ಕಾಪಿ ಅಲ್ಲ, ಕೆಳಗೆ ಮೂರು ಪ್ರತಿ ಬರಬೇಕಾಗಿಲ್ಲ. ಖಾಲಿ ಪಾತ್ರೆ ವಠಾರವೆಲ್ಲ ಕೇಳುವಂತೆ ಅರಚಿದರೆ ಒಳಗೆ ಬಟ್ಟೆ ತುರುಕಿ.

ಕಣ್ಣಿನ ಮಾತು. ‘ನಂಗೆ ಕನ್ನಡಕ ಇದೆಯಲ್ಲಯ್ಯ’ ಅಂತಾರೆ ಭಾವ. ಇದೆ, ಮೂಗಿನ ತುದಿಯಲ್ಲಿ. ಅದರ ಮೇಲಿಂದ ಇಣುಕಿ ನೋಡುವುದು ಇವರ ಪದ್ಧತಿ. ಓದುವ ಕನ್ನಡಕ ಪಕ್ಕದಿಂದ ಬರುವ ಚೂರನ್ನು ತಡೆಯುವುದಿಲ್ಲ. ಪಕ್ಕ ಮುಚ್ಚುವ ಸೇಫ್ಟಿ ಕನ್ನಡಕ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಓದುವ ಕನ್ನಡಕದ ಮೇಲೆಯೇ ಹಾಕಿಕೊಳ್ಳಬಹುದು. ಲೋಹದ ಪುಡಿಯನ್ನು ಬಾಯಿಂದ ಉಫ್ ಅಂತ ಊದಬಾರದು, ಅದು ಹಾರಿ ಬರುವುದು ನೇರ ಕಣ್ಣಿಗೇ. ಬ್ರಷ್ಷಿನಿಂದ ಗುಡಿಸಿ, ಆಮೇಲೆ ಒದ್ದೆ ಬಟ್ಟೆ. ಅಕ್ಕನ ಸೆರಗಂತೂ ಖಂಡಿತ ಬೇಡ. ಕಣ್ಣಿಗೆ ಚೂರು ಬಿದ್ದೇಬಿಟ್ಟಿತು ಅನ್ನಿ, ಉಜ್ಜಬೇಡಿ, ಹರಳೆಣ್ಣೆ ಬಿಡಬೇಡಿ, ನೇರ ಕಣ್ಣಿನ ಡಾಕ್ಟರ ಹತ್ತಿರ ನಡೆಯಿರಿ.

ಕರೆಂಟಿನ ವಿಷಯದಲ್ಲಿ ಭಾವನವರದು ಪರಮ ಧೈರ್ಯ. ಈಗಷ್ಟೇ ತೊಳೆದ ಲೋಟ, ಸಿಂಕಿನ ಪಕ್ಕದ ಒದ್ದೆ ಕಟ್ಟೆ, ಬರಿಗಾಲು, ಅದರ ಜೊತೆಗೆ 230 ವೋಲ್ಟು. ಪಾತ್ರೆ ಒರೆಸಿ, ಕೈ ಒರೆಸಿ, ಅಡುಗೆಮನೆಯಿಂದ ಆಚೆ ಬಂದು ಕೂರಿ ಎಂದರೆ ‘ನೀನು ಭಾರೀ ಪುಕ್ಕಲ’ ಅನ್ನುತ್ತಾರೆ. ಮಷಿನ್ನಿನ ಮೈಮೇಲೆ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದಕ್ಕೆ ಎರಡು ಪದರದ ನಿರೋಧಕ ಇದೆ ಎಂದರ್ಥ, ನೀರಿನಲ್ಲಿ ಅದ್ದಬಹುದು ಎಂದಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ನನ್ನು ಕೇಳಿ. ಮೊನೆ ಬದಲಾಯಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮನೆಯಲ್ಲಿ ಮೊಮ್ಮಗನೊಬ್ಬ ಇದ್ದಾನೆ, ಸ್ವಿಚ್ ಕಂಡರೆ ಒತ್ತುವುದೇ ಅವನ ಕುಲಕಸುಬು.

ಕುಟುಕುವ ಮಷಿನ್ ಕೈವಶವಾದ ಮೇಲೆ ಭಾವನವರ ಕಣ್ಣು ತಿರುಗುವ ಜಾತಿಯ ಮೇಲೆ ಬಿದ್ದಿದೆ. ಡ್ರೆಮೆಲ್ ಎಂದು ಪ್ರಸಿದ್ಧಿಯಾಯಿತಲ್ಲ, ಆ ನಮೂನೆ. ಅಮೆರಿಕದ ರೆಸೀನ್ ಎಂಬ ಊರಿನಲ್ಲಿ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ಶುರುಮಾಡಿದ ಕಂಪನಿ ಅದು. ಇಂಥವು ನಿಮಿಷಕ್ಕೆ 30,000 ಸುತ್ತಿನವರೆಗೂ ತಿರುಗುತ್ತವೆ. ಅದರ ಮುಂದೆ ಉತ್ತರೀಯ, ಸಡಿಲ ತೋಳು, ಜನಿವಾರ, ಕುತ್ತಿಗೆಯ ಸರ, ಬಿಟ್ಟ ಕೂದಲು ಯಾವುದೂ ಸಲ್ಲ. ಸಡಿಲವಾದ ಕೈಗವುಸು ಕೂಡ ಬೇಡ. ಬೆರಳು ಕಾಯಲಿ ಅಂತ ಹಾಕಿದ ಗವುಸೇ ಸಿಕ್ಕಿಕೊಂಡು ಬೆರಳನ್ನು ಎಳೆದೊಯ್ಯುತ್ತದೆ. ಮೊನೆಯನ್ನು ಬಿಗಿ ಮಾಡಿ, ಮುಖದಿಂದ ದೂರ ಹಿಡಿದು ಕೊಂಚ ಹೊತ್ತು ಸುಮ್ಮನೆ ತಿರುಗಿಸಿ ನೋಡಿ, ನಡುಗದಿದ್ದರೆ ಮಾತ್ರ ಕೆಲಸಕ್ಕೆ ಇಳಿಸಿ.

ಅದು ಬಂದರೆ ಮನೆಯ ಗ್ರಾನೈಟು, ಗೇಟಿನ ಕಂಬ, ಒರಳುಕಲ್ಲು ಎಲ್ಲದಕ್ಕೂ ಶಾಸನ ಭಾಗ್ಯ. ಇಲ್ಲಿ ಮಾತ್ರ ನಾನು ನಗುವುದಿಲ್ಲ. ಗ್ರಾನೈಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಕಣ್ಣಿಗೆ ಕಾಣದ ಪುಡಿ ಶ್ವಾಸಕೋಶದೊಳಗೆ ಇಳಿದರೆ ಆಚೆ ಬರುವುದಿಲ್ಲ. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಉಸಿರು ಕಿತ್ತ ಸಿಲಿಕೋಸಿಸ್ ಇದೇ. 2001ರಲ್ಲಿ ಗಣಿ ಮುಚ್ಚಿದರೂ ಆ ಹೆಸರು ಅಲ್ಲಿಯ ಮನೆಗಳಲ್ಲಿ ಮರೆತುಹೋಗಿಲ್ಲ. ಒಂದು ಹೆಸರು ಕೊರೆದ ಮಾತ್ರಕ್ಕೆ ಆ ಕಾಯಿಲೆ ಬಂದುಬಿಡುತ್ತದೆ ಎಂದಲ್ಲ, ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಲ್ಲು ಕೊರೆಯುವುದು ಜಾಣತನವಲ್ಲ. ಬಯಲಲ್ಲಿ ಕೂತು, ಎನ್‌95 ಮಾಸ್ಕ್ ಹಾಕಿ, ಅಥವಾ ಆ ಕಸುಬಿನವರಿಗೇ ಬಿಟ್ಟುಬಿಡಿ.

ಇನ್ನು ಹೆಸರು ಎಲ್ಲಿ ಹಾಕಬಾರದು ಎಂಬ ಪಟ್ಟಿ. ಭಾವನವರು ಗ್ಯಾಸ್ ಸಿಲಿಂಡರಿನ ಮುಂದೆ ಮಷಿನ್ ಹಿಡಿದು ನಿಂತಿದ್ದನ್ನು ನೋಡಿದ ಮೇಲೆಯೇ ಈ ಪಟ್ಟಿ ಅಗತ್ಯ ಅನ್ನಿಸಿದ್ದು. ‘ನಮ್ಮ ಸಿಲಿಂಡರ್ ಬದಲಾಗಿಬಿಡುತ್ತೆ ಕಣಯ್ಯ’ ಅಂತ ಅವರ ವಾದ. ಭಾವ, ಬದಲಾಗುವುದೇ ಅದರ ಕೆಲಸ. ಆ 14.2 ಕಿಲೋ ಅನಿಲ ನಿಮ್ಮದು, ಡಬ್ಬಿ ಕಂಪನಿಯದು. ಒತ್ತಡದಲ್ಲಿ ಅನಿಲ ತುಂಬಿದ ಪಾತ್ರೆಗೆ ಗಾಯ ಮಾಡಬಾರದು, ಹತ್ತಿರ ಕಿಡಿಯಾಡುವ ಮಷಿನ್ ತರಲೂಬಾರದು. ಕುಕ್ಕರಿನ ಮುಚ್ಚಳಕ್ಕೂ ಕೈ ಹಾಕಬೇಡಿ. ನಾನ್‌ಸ್ಟಿಕ್ ಕಾವಲಿಯ ಲೇಪ ಕಿತ್ತರೆ ನಾಳೆ ದೋಸೆಯ ಜೊತೆ ಅದನ್ನೇ ತಿನ್ನಬೇಕು. ಹಿತ್ತಾಳೆ ಪಾತ್ರೆಯಾದರೆ ಹೆಸರು ಹೊರಗಡೆ ಇರಲಿ, ಒಳಗಿನ ಕಲಾಯಿಯ ಮೇಲೆ ಬೇಡ. ಟೀಪಾಯಿಯ ಟಫನ್ಡ್ ಗಾಜಿನ ಮೇಲ್ಪದರ ಒತ್ತಡದಲ್ಲೇ ನಿಂತಿರುತ್ತದೆ, ಗೀರು ಆಳಕ್ಕೆ ಇಳಿದರೆ ಇಡೀ ಗಾಜು ಒಂದೇ ಸಲಕ್ಕೆ ಕಾಳುಕಾಳಾಗಿ ಉದುರುತ್ತದೆ. ಪವರ್ ಬ್ಯಾಂಕಿನ ಬ್ಯಾಟರಿಗೆ ಮೊನೆ ತಾಗಿದರೆ ಬೆಂಕಿ. ಸ್ಟೇನ್‌ಲೆಸ್ ಲೋಟದ ಬಗ್ಗೆ ಮಾತ್ರ ನಿಶ್ಚಿಂತೆ. ಕೊರೆದ ಗೀರಿನಲ್ಲೂ ಕ್ರೋಮಿಯಂ ಗಾಳಿಗೆ ತಾಗಿ ತನ್ನ ರಕ್ಷಣೆಯ ತೆಳು ಪದರವನ್ನು ಮತ್ತೆ ಕಟ್ಟಿಕೊಳ್ಳುತ್ತದೆ.

‘ಒಂದೇ ಸಲ ಕೂತು ಎರಡು ಡಜನ್ ತಟ್ಟೆ ಮುಗಿಸಿದೆ, ಕೈ ಜುಂ ಅಂತಿದೆ’ ಅಂತ ಮೊನ್ನೆ ಹೆಮ್ಮೆಪಟ್ಟರು. ಜುಂ ಅನ್ನುವುದು ಹೆಮ್ಮೆಯ ವಿಷಯವಲ್ಲ. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಸುಣ್ಣದಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿದಳು. ಗಾಳಿಯೊತ್ತಡದ ಸುತ್ತಿಗೆ ಹಿಡಿದೂ ಹಿಡಿದೂ ಅವರ ಬೆರಳುಗಳು ಚಳಿಗೆ ಬಿಳಿಚಿ ಮರಗಟ್ಟುತ್ತಿದ್ದವು. ಭಾವನವರ ತಟ್ಟೆ ಕೆಲಸ ಅಷ್ಟು ದೂರ ಹೋಗದು. ಆದರೂ ನಡುನಡುವೆ ಮಷಿನ್ ಕೆಳಗಿಟ್ಟು ಕಾಫಿ ಕುಡಿಯುವುದು ಒಳ್ಳೆಯದು. ಕಾಫಿಗೆ ನೆಪ ಬೇಕಿದ್ದವರಿಗೆ ಇದಕ್ಕಿಂತ ವೈಜ್ಞಾನಿಕ ನೆಪ ಸಿಗದು.

ಈಗ ಅವರ ಮುಂದಿರುವುದು ಮಹಾಯೋಜನೆ. ಬ್ಯಾಂಕಿನ ಗೆಳೆಯರೊಬ್ಬರ ಷಷ್ಟ್ಯಬ್ದಿ. ಬಂದವರಿಗೆಲ್ಲ ಒಂದೊಂದು ಸ್ಟೀಲ್ ಬಟ್ಟಲು ಕೊಡುವುದು, ಎಲ್ಲಕ್ಕೂ ಹೆಸರು ಹಾಕಿಕೊಡುವ ಹೊಣೆ ಇವರದು. ಸೇಫ್ಟಿ ಕನ್ನಡಕ ಬಂತು, ಟವೆಲ್ ಹಾಸಿಯಾಯಿತು, ಪಂಚೆ ಹೋಗಿ ಪ್ಯಾಂಟು ಬಂತು, ಟೇಪು ಅಂಟಿತು. ಇಷ್ಟು ಶಿಸ್ತು ಕಂಡು ನಾನೂ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಬರೆಯಬೇಕಾದ ಒಕ್ಕಣೆಯನ್ನು ಚೀಟಿಯಲ್ಲಿ ದುಂಡಗೆ ಬರೆದು ಎದುರಿಗೆ ನಿಲ್ಲಿಸಿಕೊಂಡಿದ್ದರು. ಗೆಳೆಯರ ಹೆಸರು, ಅದರ ಮುಂದೆ ‘ಅವರ ಸ್ಮರಣಾರ್ಥ’.

ಕಾಫಿ ತಂದ ಅಕ್ಕ ಚೀಟಿ ಓದಿದಳು. ‘ರೀ, ಅವರಿಗೆ ಅರವತ್ತು ತುಂಬ್ತಿದೆ ಅಷ್ಟೇ. ನೀವಾಗ್ಲೇ ಕಳಿಸೇ ಬಿಟ್ರಲ್ಲ!’

ಕೊರೆದದ್ದನ್ನು ಅಳಿಸುವ ರಬ್ಬರು ಈ ಮಷಿನ್ನಿನ ಡಬ್ಬಿಯಲ್ಲಿ ಬರುವುದಿಲ್ಲ ಭಾವ. ಕನ್ನಡಕ, ಮಾಸ್ಕು, ಆರ್‌ಸಿಸಿಬಿ ಎಲ್ಲವೂ ಇರಲಿ. ಆದರೆ ಪ್ಲಗ್ ಹಾಕುವ ಮೊದಲು ಚೀಟಿಗೆ ಅಕ್ಕನ ಕೌಂಟರ್‌ಸೈನ್ ಬಿದ್ದಿರಲಿ. ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂತವರಿಗೆ ಎರಡನೆಯ ಸಹಿ ಯಾಕೆ ಬೇಕು ಅಂತ ನಾನು ಬಿಡಿಸಿ ಹೇಳಬೇಕೆ?