ಶ್ರೀಮನ್ಮಹಾರಾಜ ಕೀವರ್ಡ್ ಸನ್ನಿಧಾನಕ್ಕೆ

ಮಹಾಸ್ವಾಮಿ,

ಉಭಯಕುಶಲೋಪರಿ ಸಾಂಪ್ರತ. ತಮ್ಮ ಕೃಪೆಯಿಂದ ಗೂಗಲ್‌ನ ಮೂರನೇ ಪುಟದಲ್ಲಿ ನಾವೆಲ್ಲ ಕ್ಷೇಮ. ಮೊದಲ ಪುಟದಲ್ಲಿ ತಮ್ಮ ಸವಾರಿ ಸಾಂಗವಾಗಿ ನಡೆದಿದೆಯೆಂದು ಭಾವಿಸುತ್ತೇನೆ.

ತರುವಾಯ, ಕನ್ನಡದಲ್ಲಿ ಅಡುಗೆಯ ವಿಚಾರ ಬರೆಯುವ ಪುಟ್ಟ ಜಾಲತಾಣವೊಂದರ ಬರಹಗಾರ್ತಿಯಾದ ನಾನು ತಮ್ಮಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ತಾವು ನಮಗೆ ಮಾಡಿರುವ ಉಪಕಾರಗಳು ಒಂದೆರಡಲ್ಲ. ಅವನ್ನು ಎಂದೋ ಸ್ಮರಿಸಬೇಕಿತ್ತು. ಜನ ಗೂಗಲ್‌ನಲ್ಲಿ ಒತ್ತಿ ಹುಡುಕುವ ಪದಗಳೆಂದು ತಾವು ಅಪ್ಪಣೆ ಕೊಡಿಸಿದವನ್ನು ಅಪ್ಪಣೆಯಾದ ಜಾಗದಲ್ಲೇ ತುರುಕುತ್ತ ಕೂತವಳಿಗೆ ಪುರುಸೊತ್ತಾಗಲಿಲ್ಲ. ತಡವಾದದ್ದಕ್ಕೆ ಕ್ಷಮೆ ಇರಲಿ.

ಮೊಟ್ಟಮೊದಲಿಗೆ, ನನಗೆ ಬರೆಯುವುದನ್ನು ಕಲಿಸಿದ್ದಕ್ಕೆ ಸಾಷ್ಟಾಂಗ ನಮಸ್ಕಾರ. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಒಂದೇ ಮಾತು ಎರಡು ಸಲ ಬಂದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು. ಪಾಪ, ಅವರಿಗೆ ತಮ್ಮ ಪರಿಚಯವಿರಲಿಲ್ಲ. ತಾವು ಶೀರ್ಷಿಕೆಯಲ್ಲಿರಬೇಕು, ಪುಟದ ವಿಳಾಸದಲ್ಲಿರಬೇಕು, ಮೊದಲ ನೂರು ಪದಗಳೊಳಗೆ ದರ್ಶನ ಕೊಡಬೇಕು, ಉಪಶೀರ್ಷಿಕೆಯಲ್ಲೊಮ್ಮೆ, ಚಿತ್ರದ ಹಿಂದೆ ಅಡಗಿಸಿಟ್ಟ ವಿವರಣೆಯಲ್ಲೊಮ್ಮೆ, ಮುಗಿಸುವಾಗ ಮತ್ತೊಮ್ಮೆ. ಅಂತೆಯೇ ನಮ್ಮ ಅವಲಕ್ಕಿಯ ಪುಟ ಹೀಗೆ ಶುರುವಾಗುತ್ತದೆ: "ಸುಲಭ ಅವಲಕ್ಕಿ ರೆಸಿಪಿ ಹುಡುಕುತ್ತಿದ್ದೀರಾ? ಈ ಸುಲಭ ಅವಲಕ್ಕಿ ರೆಸಿಪಿ ನಿಮಗಾಗಿ. ಸುಲಭ ಅವಲಕ್ಕಿ ರೆಸಿಪಿ ಮಾಡುವುದು ಬಹಳ ಸುಲಭ." ಅವಲಕ್ಕಿ ನೆನೆಯುವುದಕ್ಕಿಂತ ಹೆಚ್ಚು ಹೊತ್ತು ಓದುಗರು ಅವಲಕ್ಕಿಗಾಗಿ ಕಾಯುತ್ತಾರೆ. ಅವರ ಅನುಕೂಲಕ್ಕೆಂದು ಪುಟದ ನೆತ್ತಿಯ ಮೇಲೆ 'ನೇರ ರೆಸಿಪಿಗೆ ಹೋಗಿ' ಎಂಬ ಗುಂಡಿಯನ್ನೂ ಕೂರಿಸಿದ್ದೇವೆ. ಬರೆದದ್ದನ್ನು ಓದದೆ ದಾಟಿಹೋಗಲು ಬರೆದವರೇ ದಾರಿ ಮಾಡಿಕೊಡುವ ಈ ಸಾಹಿತ್ಯ ಪ್ರಕಾರಕ್ಕೆ ತಾವೇ ಜನಕರು.

ವಿಭಕ್ತಿ ಪ್ರತ್ಯಯಗಳ ಹೊರೆ ಇಳಿಸಿದ ಉಪಕಾರವನ್ನಂತೂ ಜನ್ಮದಲ್ಲಿ ಮರೆಯುವಂತಿಲ್ಲ. ತಂಬುಳಿ, ತಂಬುಳಿಗೆ, ತಂಬುಳಿಯನ್ನು, ತಂಬುಳಿಯಲ್ಲಿ ಎಂದು ನಾನು ಬರೆದರೆ, ಪರದೆಯ ಪಕ್ಕದಲ್ಲಿ ಕಾವಲು ಕೂತ ತಮ್ಮ ಪ್ಲಗಿನ್ನಿಗೆ ಅವರು ಯಾರೋ ನಾಲ್ಕು ಜನ ಗುರುತಿಲ್ಲದವರು. 'ಕೀವರ್ಡ್ ಸಾಲದು' ಎಂದು ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಆ ಚುಕ್ಕೆ ಹಸಿರಾಗಲಿ ಎಂದು ಪ್ರತ್ಯಯಗಳನ್ನೆಲ್ಲ ಕಳಚಿಟ್ಟು, "ಒಂದೆಲಗ ತಂಬುಳಿ ಮಾಡುವ ವಿಧಾನ ತಿಳಿಯಿರಿ, ಒಂದೆಲಗ ತಂಬುಳಿ ಮಾಡುವ ವಿಧಾನ ಹಂಚಿರಿ" ಎಂದು ತಂತಿ ಕೊಟ್ಟಂತೆ ಬರೆಯುತ್ತೇನೆ. ಇನ್ನು ಬಿಸಿಬೇಳೆಬಾತ್‌ನ ಕಥೆಯೇ ಬೇರೆ. ಕೂಡಿಸಿ ಬರೆಯುವವರು, ಮೂರು ತುಂಡು ಮಾಡಿ ಬರೆಯುವವರು, ಮಹಾಪ್ರಾಣ ಕೊಟ್ಟು 'ಭಾತ್' ಎನ್ನುವವರು, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವವರು, ಎಲ್ಲರೂ ಉಣ್ಣುವುದು ಒಂದೇ ಅನ್ನ. ತಮ್ಮ ಪಟ್ಟಿಯಲ್ಲಿ ಮಾತ್ರ ಅವರಿಗೆ ಬೇರೆ ಬೇರೆ ಪಂಕ್ತಿ. "ಎಲ್ಲಾ ಸ್ಪೆಲ್ಲಿಂಗನ್ನೂ ಪುಟದ ಕೊನೆಗೆ ಹಾಕಿಬಿಡಿ ಮೇಡಂ, ಯಾರು ನೋಡ್ತಾರೆ" ಎಂದು ಪುಟಗಳನ್ನು ಗೂಗಲ್‌ನಲ್ಲಿ ಮೇಲೇರಿಸುವ ತಮ್ಮ ಆಸ್ಥಾನದ ಎಸ್‌ಇಒ ತಜ್ಞರೊಬ್ಬರು ಅಭಯ ನೀಡಿದ್ದಾರೆ.

ತಮ್ಮ ಪೂರ್ವಚರಿತ್ರೆಯೇನು ಸಾಮಾನ್ಯವೇ! ತೊಂಬತ್ತರ ದಶಕದಲ್ಲಿ ತಾವು 'ಮೆಟಾ ಕೀವರ್ಡ್ಸ್' ಎಂಬ ಅಂತಃಪುರದಲ್ಲಿ ವಾಸವಾಗಿದ್ದಿರಿ. ಓದುಗರ ಕಣ್ಣಿಗೆ ಬೀಳದೆ ಯಂತ್ರಗಳಿಗೆ ಮಾತ್ರ ದರ್ಶನ. ಭಕ್ತರು ಆ ಜಾಗದಲ್ಲಿ ತಮಗೆ ಸಂಬಂಧವಿದ್ದದ್ದು ಇಲ್ಲದ್ದು ಎಲ್ಲ ತುಂಬಿದರು. ಸಾಲದೆ, ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ತಮ್ಮ ನಾಮಜಪ ಬರೆದರು. ಇಂಥದೇ ಕಪಟಕ್ಕೆ ಶಿಕ್ಷೆಯಾಗಿ 2006ರ ಫೆಬ್ರವರಿಯಲ್ಲಿ ಗೂಗಲ್ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನೇ ತನ್ನ ಸೂಚಿಯಿಂದ ಹೊರಗಟ್ಟಿತು. 'ಹಳೆ ಕಾರು' ಎಂಬರ್ಥದ ಪದ ತುಂಬಿದ ಪುಟಗಳನ್ನು ಯಂತ್ರದ ಮುಂದೆ ಹಿಡಿದು, ಬಂದ ಜನರನ್ನು ಬೇರೆ ಪುಟಕ್ಕೆ ಸಾಗಹಾಕಿದ್ದು ಅವರ ಅಪರಾಧ. ಸಿರಿವಂತರಿಗೂ ಬಡವರಿಗೂ ಒಂದೇ ದಂಡ ಎಂದು ಸಂತೋಷಪಟ್ಟೆ. ಕೆಲವೇ ದಿನಗಳಲ್ಲಿ ಅವರನ್ನು ಮತ್ತೆ ಒಳಗೆ ಕರೆದುಕೊಂಡರೆಂದು ತಿಳಿದು, ಆ ಸಂತೋಷವನ್ನು ಅಷ್ಟಕ್ಕೇ ನಿಲ್ಲಿಸಿದೆ. ಕಡೆಗೆ 2009ರ ಸೆಪ್ಟೆಂಬರ್‌ನಲ್ಲಿ, ಪುಟಗಳಿಗೆ ಸ್ಥಾನ ಕೊಡುವಾಗ ಮೆಟಾ ಕೀವರ್ಡ್ಸ್ ಟ್ಯಾಗನ್ನು ತಾನು ನೋಡುವುದೇ ಇಲ್ಲ ಎಂದು ಗೂಗಲ್ ಬಹಿರಂಗವಾಗಿ ಸಾರಿತು. ಆದರೂ ತಮ್ಮ ಮಹಿಮೆ ನೋಡಿ: ಇಂದಿಗೂ ಜಾಲತಾಣ ಮಾಡಿಸಲು ಹೋದರೆ "ಮೆಟಾ ಕೀವರ್ಡ್ಸ್ ಕೊಡಿ" ಎಂದು ಕೈಚಾಚುವವರಿದ್ದಾರೆ. ದೇವರು ಎದ್ದುಹೋದ ಗುಡಿಗೂ ತಪ್ಪದೆ ಪೂಜೆ ಸಲ್ಲುತ್ತಿದೆ.

ಲೆಕ್ಕಪತ್ರದಲ್ಲಿ ತಮ್ಮ ಪ್ರಾಮಾಣಿಕತೆಗೂ ಕೈಮುಗಿಯುತ್ತೇನೆ. ಯಾವ ಪದವನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಎಂದು ಗೂಗಲ್‌ನ ಕೀವರ್ಡ್ ಪ್ಲ್ಯಾನರ್‌ನಲ್ಲಿ ವಿಚಾರಿಸಿದರೆ, ಜಾಹೀರಾತಿಗೆ ದುಡ್ಡು ಸುರಿಯದ ನನ್ನಂಥವರಿಗೆ '1 ಸಾವಿರದಿಂದ 10 ಸಾವಿರ' ಎಂದು ಉತ್ತರ ಬರುತ್ತದೆ. ನಮ್ಮೂರ ಅಡಕೆ ವ್ಯಾಪಾರಿ ಕೂಡ ತೂಕವನ್ನು ಇಷ್ಟು ಉದಾರವಾಗಿ ಹೇಳಿದ್ದು ನಾನು ಕೇಳಿಲ್ಲ. ಪಕ್ಕದಲ್ಲೇ 'ಸ್ಪರ್ಧೆ: ಕಡಿಮೆ' ಎಂದಿರುತ್ತದೆ. ಅದನ್ನು ನಂಬಿ, ಈ ವಿಷಯದಲ್ಲಿ ಬರೆದವರು ಕಡಿಮೆ ಎಂದು ಉಬ್ಬಿಹೋಗುವವರು ಎಷ್ಟೋ ಜನ. ಅದು ಬರೆಯುವವರ ಸ್ಪರ್ಧೆಯಲ್ಲ, ಆ ಪದದ ಮೇಲೆ ಜಾಹೀರಾತು ಹಾಕಲು ಹರಾಜು ಕೂಗುವವರ ಸ್ಪರ್ಧೆ. ತಂಬುಳಿಗೆ ಯಾರು ಹರಾಜು ಕೂಗುತ್ತಾರೆ, ಪ್ರಭು? ಇದೆಲ್ಲ ಹೋಗಲಿ, ನಮ್ಮ ಮನೆಗೆ ಬಂದವರು ಯಾವ ಪದ ಹಿಡಿದು ಬಂದರೆಂಬುದಾದರೂ ಮೊದಲು ಗೂಗಲ್ ಅನಲಿಟಿಕ್ಸ್‌ನಲ್ಲಿ ಕಾಣುತ್ತಿತ್ತು. 2011ರಿಂದ ಅದಕ್ಕೂ ತೆರೆ ಎಳೆಯಲು ಶುರುಮಾಡಿ, 2013ರ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿದಿರಿ. ಅತಿಥಿಯ ಗುಟ್ಟು ಕಾಪಾಡುವುದು ದೊಡ್ಡ ಗುಣ. ಅದೇ ಗುಟ್ಟು ಜಾಹೀರಾತುದಾರರಿಗೆ ಮಾತ್ರ ಸಿಗುತ್ತಲೇ ಇದ್ದದ್ದು ಅದಕ್ಕಿಂತ ದೊಡ್ಡ ಗುಣ.

ಈಗ ಒಂದೆಲಗದ ವಿಚಾರಕ್ಕೆ ಬರುತ್ತೇನೆ. ಒಂದೆಲಗದ ಎಲೆ, ಜೀರಿಗೆ, ಕಾಳುಮೆಣಸು, ಕಾಯಿತುರಿ ರುಬ್ಬಿ ಮಜ್ಜಿಗೆ ಬೆರೆಸಿದರೆ ಮಲೆನಾಡಿನ ತಂಬುಳಿ ಸಿದ್ಧ. ಅದರ ಬಗ್ಗೆ ಬರೆಯುವ ಆಸೆಯಿಂದ ತಮ್ಮ ಸನ್ನಿಧಿಯಲ್ಲಿ ಪ್ರಸಾದ ಕೇಳಿದರೆ, ಸಂಖ್ಯೆಯ ಜಾಗದಲ್ಲಿ ಒಂದು ಅಡ್ಡಗೆರೆ ದಯಪಾಲಿಸಿದಿರಿ. ಕರಾವಳಿಯವರು ಹೇಳುವ 'ತಿಮರೆ'ಗೂ ಅಡ್ಡಗೆರೆಯೇ. "ಬ್ರಾಹ್ಮಿ ಅಂತ ಹಾಕಿ, ಸರ್ಚ್ ವಾಲ್ಯೂಮ್ ಇದೆ. ತಂಬುಳಿ ಬದಲು ತೂಕ ಇಳಿಸುವ ಸಮ್ಮರ್ ಡ್ರಿಂಕ್ ಅನ್ನಿ" ಎಂದರು ತಜ್ಞರು. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಇನ್ನು ಕೆಲವರಿಗೆ ಜೌಗು ನೆಲದಲ್ಲಿ ಹಬ್ಬುವ ಸಣ್ಣೆಲೆಯ ನೀರುಬ್ರಾಹ್ಮಿ. ಅವೆರಡೂ ಬೇರೆ ಬೇರೆ ಗಿಡಗಳು. ಓದಿದವರು ಯಾವ ಎಲೆ ಕಿತ್ತು ರುಬ್ಬಿದರೂ ನಮಗೇನು, ವಾಲ್ಯೂಮ್ ಬಂತಲ್ಲ ಎಂಬ ಸ್ಥಿತಪ್ರಜ್ಞತೆಯನ್ನು ತಾವು ಕಲಿಸಿದ್ದೀರಿ.

ಒಂದು ಸಣ್ಣ ಸಂದೇಹವಿದೆ, ಕೋಪಿಸಿಕೊಳ್ಳಬಾರದು. 1972ರಲ್ಲಿ ಕೇಂಬ್ರಿಜ್‌ನ ವಿದುಷಿ ಕರೆನ್ ಸ್ಪಾರ್ಕ್ ಜೋನ್ಸ್ ಹುಡುಕಾಟದ ಶಾಸ್ತ್ರಕ್ಕೆ ಒಂದು ಅಡಿಗಲ್ಲು ಹಾಕಿದರು. ಎಲ್ಲ ಬರಹಗಳಲ್ಲೂ ಸಿಗುವ ಪದಕ್ಕೆ ಕಡಿಮೆ ತೂಕ, ಕೆಲವೇ ಬರಹಗಳಲ್ಲಿ ಸಿಗುವ ಪದಕ್ಕೆ ಹೆಚ್ಚು ತೂಕ ಎಂಬುದು ಅದರ ತಿರುಳು. ಅಂದರೆ ಸರಿಯಾದ ಬರಹವನ್ನು ಪತ್ತೆಹಚ್ಚಿಕೊಡುವುದು ಅಪರೂಪದ ಪದ. ಆ ಶಾಸ್ತ್ರದ ಅನ್ನ ಉಂಡು ಬೆಳೆದ ತಮ್ಮ ಪರಿವಾರ ಮಾತ್ರ ನಮ್ಮನ್ನೆಲ್ಲ ಒಂದೇ ಸವೆದ ಪದದ ಮುಂದೆ ಸಾಲಾಗಿ ನಿಲ್ಲಿಸಿದೆ. ತಿಮರೆ ಎಂದು ಹುಡುಕುವವರು ಇಲ್ಲವೆಂದಲ್ಲ. ತಾಣದವರಿಗೆ ಹುಡುಕಾಟದ ಲೆಕ್ಕ ಕೊಡುವ ಗೂಗಲ್‌ನ ಸರ್ಚ್ ಕನ್ಸೋಲ್ ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೌಪ್ಯತೆಯ ಕಾರಣ ಕೊಟ್ಟು ತೋರಿಸುವುದಿಲ್ಲ. ಬಂದವರು ಬಂದೇ ಇರುತ್ತಾರೆ, ತಮ್ಮ ಕಡತದಲ್ಲಿ ಹೆಸರಿಲ್ಲದವರಾಗಿ. ದಿನದ ಹುಡುಕಾಟಗಳಲ್ಲಿ ಶೇ. 15ರಷ್ಟು ಹಿಂದೆಂದೂ ಕಂಡಿರದಂಥವು ಎಂದು ಗೂಗಲ್ ತಾನೇ ವರ್ಷಗಳಿಂದ ಹೇಳಿಕೊಂಡು ಬಂದಿದೆ. ಹಾಗಾದರೆ ನಿನ್ನೆ ಕೇಳಿದ್ದರ ಪಟ್ಟಿ ಹಿಡಿದು ನಾಳೆ ಬರುವವರಿಗೆ ಅಡುಗೆ ಮಾಡುವುದು ಹೇಗೆ?

ತಮ್ಮ ಕೀರ್ತಿ ಪರದೆ ದಾಟಿ ಬೀದಿಗೂ ಬಂದಿದೆ. 'ನನ್ನ ಹತ್ತಿರ' ಎಂದು ಫೋನಿನಲ್ಲಿ ಹುಡುಕುವವರ ಕಣ್ಣಿಗೆ ಬೀಳಲೆಂದು ನ್ಯೂಯಾರ್ಕ್‌ನ ಒಂದು ಹೋಟೆಲು 'ಥಾಯ್ ಫುಡ್ ನಿಯರ್ ಮಿ' ಎಂದೇ ಹೆಸರಿಟ್ಟುಕೊಂಡಿತು. ಅಜ್ಜನ ಹೆಸರು, ಮನೆದೇವರ ಹೆಸರು ಹೊತ್ತ ನಮ್ಮ ಹೋಟೆಲುಗಳಿಗೂ ಆ ಸದ್ಗತಿ ಪ್ರಾಪ್ತವಾಗಲಿ. ಮಸಾಲೆದೋಸೆ ಬೆಸ್ಟ್ ನಿಯರ್ ಮಿ ವಿತ್ ಪಾರ್ಕಿಂಗ್‌ನಲ್ಲಿ ಸಿಗೋಣ ಎಂದು ಸ್ನೇಹಿತರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ದಿನಕ್ಕೆ ಕಾದಿದ್ದೇನೆ.

ಇಷ್ಟೆಲ್ಲ ಸೇವೆಯ ಫಲವಾಗಿ ಮೊದಲ ಪುಟದ ಹತ್ತೂ ತಾಣಗಳು ಈಗ ಒಂದೇ ದನಿಯಲ್ಲಿ ಮಾತಾಡುತ್ತವೆ. ಒಬ್ಬರು 'ಒಂದೆಲಗದ ಪ್ರಯೋಜನಗಳು 7' ಎಂದರೆ ಮುಂದಿನವರು 11 ಎನ್ನುತ್ತಾರೆ, ನಂತರದವರು 21ಕ್ಕೆ ಏರಿಸುತ್ತಾರೆ. ಹೆಚ್ಚಿದ್ದು ಅಂಕಿ ಮಾತ್ರ. ರುಬ್ಬಿ ನೋಡಿದವರು ಯಾರು, ನಕಲು ಮಾಡಿದವರು ಯಾರು ಎಂದು ಬ್ರಹ್ಮನಿಗೂ ತಿಳಿಯದು.

ಇದಕ್ಕೆಲ್ಲ ಕಲಶವಿಟ್ಟಂತೆ ಇನ್ನೊಂದು ಸುದ್ದಿ. 2013ರ ಹಮ್ಮಿಂಗ್‌ಬರ್ಡ್, 2019ರ ಬರ್ಟ್ ಎಂಬ ಬದಲಾವಣೆಗಳು ಬಂದ ಮೇಲೆ, ಬಿಡಿ ಪದಕ್ಕೆ ಜೋತುಬೀಳದೆ ಇಡೀ ಪ್ರಶ್ನೆಯ ಇಂಗಿತ ಹಿಡಿಯಲು ಗೂಗಲ್ ಯತ್ನಿಸುತ್ತಿದೆಯಂತೆ. 2024ರಲ್ಲಿ ಭಾರತಕ್ಕೂ ಬಂದ ಎಐ ಓವರ್‌ವ್ಯೂ ನಮ್ಮ ಪುಟಗಳನ್ನೆಲ್ಲ ಓದಿ, ಉತ್ತರವನ್ನು ತಾನೇ ಬಾಗಿಲಲ್ಲಿ ಬಡಿಸಿ, ಬಂದವರನ್ನು ಅಲ್ಲಿಂದಲೇ ಬೀಳ್ಕೊಡುತ್ತಿದೆ. ತಮಗಾಗಿ ನಮ್ಮ ವಾಕ್ಯಗಳ ಕೈಕಾಲು ಮುರಿದದ್ದು ಯಾರನ್ನು ಕರೆತರಲೆಂದೋ ಅವರೇ ಒಳಗೆ ಬರುತ್ತಿಲ್ಲ. ಸಿಂಹಾಸನದ ಕೆಳಗಿನ ನೆಲ ಸರಿಯುತ್ತಿರುವಾಗಲೂ ತಾವು ಕಾಣಿಕೆ ಎಣಿಸುತ್ತ ಕೂತಿರುವ ಧೈರ್ಯಕ್ಕೆ ಶರಣು.

ಆದಕಾರಣ ತಮ್ಮಲ್ಲಿ ಕೆಲವು ಅರಿಕೆಗಳು. ದಯಮಾಡಿ ಶೀರ್ಷಿಕೆಯಲ್ಲಿ ಒಮ್ಮೆ ಕೂತು, ಉಳಿದ ಪುಟವನ್ನು ಓದುಗರಿಗೆ ಬಿಟ್ಟುಕೊಡಬೇಕು. ಜನ ಯಾವ ಮಾತಿನಲ್ಲಿ ಕೇಳುತ್ತಾರೆಂದು ತಿಳಿಸುವುದು ತಮ್ಮ ಮೂಲ ಉದ್ಯೋಗ, ಅದನ್ನು ಸಂತೋಷದಿಂದ ಮುಂದುವರಿಸಬೇಕು. ಬರೆಯುವವರು ಏನು ಹೇಳಬೇಕೆಂದು ಗೊತ್ತುಮಾಡುವ ಹೆಚ್ಚುವರಿ ಹೊಣೆಯಿಂದ ಕೂಡಲೇ ನಿವೃತ್ತರಾಗಬೇಕು. ವಿದಾಯ ಸಮಾರಂಭದ ಹಾರ, ಶಾಲು, ಹಣ್ಣಿನ ಬುಟ್ಟಿಯ ಖರ್ಚು ನನ್ನದು.

ತಾವು ಒಪ್ಪಲಿಕ್ಕಿಲ್ಲವೆಂದು ಬಲ್ಲೆ. ಹಾಗಾಗಿ ಒಂದು ಪುಟವನ್ನು ಅಪ್ಪಣೆ ಕೇಳದೆ ಹಾಕಿದ್ದೇನೆ. ಅದರಲ್ಲಿ ಬ್ರಾಹ್ಮಿಯೂ ಇಲ್ಲ, ಸಮ್ಮರ್ ಡ್ರಿಂಕೂ ಇಲ್ಲ. ಒಂದೆಲಗ ಇದೆ, ತಿಮರೆ ಎಂಬ ಹೆಸರಿದೆ, ನೀರುಬ್ರಾಹ್ಮಿಯ ಎಲೆಯನ್ನು ಬೇರೆ ಎಂದು ಗುರುತಿಸುವುದು ಹೇಗೆಂದಿದೆ. ಹುಡುಕುವವರು ಕಡಿಮೆ, ಒಪ್ಪಿದೆ. ಆದರೆ ತಿಮರೆ ಎಂದೇ ಒತ್ತುವವರಿಗೆ ಬೇಕಾದದ್ದು ತಿಮರೆಯೇ. ಅವರನ್ನು ನಿಭಾಯಿಸಲು ನನ್ನೊಬ್ಬಳ ಕೈಯಲ್ಲಾಗುತ್ತದೆ, ತಮಗೆ ತೊಂದರೆ ಬೇಡ.

ಇಂತಿ ತಮ್ಮ ಆಜ್ಞಾಧಾರಕಿ,
ಅಡ್ಡಗೆರೆ ವಿಷಯಗಳ ಬರಹಗಾರ್ತಿ