ನೋಟಿಸ್ ಬೋರ್ಡ್ ನಾಗರಾಜ

ಕಾಲೇಜಿನ ನೋಟಿಸ್ ಬೋರ್ಡನ್ನು ಮೊದಲಿಂದ ಕೊನೆಯವರೆಗೆ ಓದುವವರು ಲೋಕದಲ್ಲಿ ಇಬ್ಬರೇ. ಒಬ್ಬ, ಅದನ್ನು ಟೈಪ್ ಮಾಡಿದ ಗುಮಾಸ್ತ. ಇನ್ನೊಬ್ಬ, ಮೊದಲ ವರ್ಷದ ನಾಗರಾಜ. ಗುಮಾಸ್ತ ಓದುತ್ತಾನೋ ಇಲ್ಲವೋ, ಕಾಗುಣಿತ ನೋಡಿದರೆ ಅನುಮಾನ ಬರುತ್ತದೆ. ನಾಗರಾಜ ಮಾತ್ರ ದಿನಕ್ಕೆ ನಾಲ್ಕು ಸಲ ಓದುತ್ತಾನೆ. ಎನ್‌ಸಿಸಿ ಆಯ್ಕೆ, ಮರುಮೌಲ್ಯಮಾಪನ, ಹಳೆಯ ಪೀಠೋಪಕರಣಗಳ ಹರಾಜು ಎಲ್ಲವೂ ಅವನಿಗೆ ಬಾಯಿಪಾಠ. ಮುರಿದ ಕುರ್ಚಿಗಳು ಎಷ್ಟಿವೆ ಎಂಬುದು ಪ್ರಿನ್ಸಿಪಾಲರಿಗೆ ಗೊತ್ತಿಲ್ಲದಿದ್ದರೂ ಇವನಿಗೆ ಗೊತ್ತು. ಕುರ್ಚಿ ಕೊಳ್ಳುವ ಆಸೆಯೇನೂ ಅವನಿಗಿಲ್ಲ. ಜನರ ಕಡೆ ಬೆನ್ನು ಮಾಡಿ ಮರ್ಯಾದೆಯಿಂದ ನಿಲ್ಲಲು ಕಾಲೇಜಿನಲ್ಲಿ ಇರುವುದು ಅದೊಂದೇ ಜಾಗ.

ನಿಮ್ಮ ಕಾಲೇಜಿನಲ್ಲಿ ಇವನ ಹೆಸರು ಮಂಜುನಾಥ ಎಂದಿದ್ದಿರಬಹುದು, ಸವಿತಾ ಎಂದಿದ್ದಿರಬಹುದು. ನನ್ನ ಪಾಲಿಗೆ ಬಂದವನು ನಾಗರಾಜ, ನಮ್ಮಕ್ಕನ ಮಗ. ಹುಣಸೂರು ಕಡೆಯ ಹಳ್ಳಿಯಿಂದ ಬಂದು, ಮೈಸೂರಿನಲ್ಲಿ ಬಿ.ಎ.ಗೆ ಸೇರಿ, ನಮ್ಮ ಮನೆಯ ನಡುಮನೆಯಲ್ಲಿ ಹಾಸಿಗೆ ಹಾಸಿದವನು.

ಊರಿನಲ್ಲಿ ಇವನೇನು ಮೂಗನಲ್ಲ. ಡೈರಿಗೆ ಹಾಲು ಹಾಕುವ ಸಾಲಿನಲ್ಲಿ, ಅರಳಿಕಟ್ಟೆಯಲ್ಲಿ ಇವನ ಬಾಯಿ ಮುಚ್ಚಿಸಲು ಹಿರಿಯರೇ ಬರಬೇಕು. ಆದರೆ ಅಲ್ಲಿ ಯಾರನ್ನೂ ಇವನು ಪರಿಚಯ ಮಾಡಿಕೊಂಡದ್ದೇ ಇಲ್ಲ. ಹಳ್ಳಿಯಲ್ಲಿ ಜಮೀನಿನ ಹಾಗೆ ಪರಿಚಯವೂ ಪಿತ್ರಾರ್ಜಿತ. "ಯಾರ ಮಗ್ನಪ್ಪಾ ನೀನು?" ಎಂದರೆ ಅಪ್ಪನ ಹೆಸರು, ಅದೂ ಹತ್ತದಿದ್ದರೆ ತಾತನ ಅಡ್ಡಹೆಸರು, ಅಲ್ಲಿಗೆ ಮುಗಿಯಿತು. ಹದಿನೆಂಟು ವರ್ಷ ಅಪ್ಪನ ಖಾತೆಯಲ್ಲೇ ಮಾತಾಡಿದವನು ಮೈಸೂರಿನಲ್ಲಿ ಸ್ವಂತ ಖಾತೆ ತೆರೆಯಬೇಕಾಯಿತು. ಠೇವಣಿ ಇಡೋಣವೆಂದರೆ ಹತ್ತಿರ ಒಂದು ವಾಕ್ಯವೂ ಇಲ್ಲ.

ವಾಕ್ಯ ತಯಾರಾಗುತ್ತಿದ್ದದ್ದು ನಮ್ಮ ಬಚ್ಚಲುಮನೆಯಲ್ಲಿ. ನೀರಿನ ಸದ್ದಿನ ನಡುವೆ "ಹಾಯ್, ಐ ಆಮ್ ನಾಗರಾಜ್. ಆ್ಯಂಡ್ ಯೂ?" ಎಂದು ಹತ್ತಾರು ಸಲ ಕೇಳಿಬರುತ್ತಿತ್ತು. ಒಂದು ದಿನ ನನ್ನ ಹೆಂಡತಿ ಬಾಗಿಲ ಹೊರಗಿನಿಂದಲೇ "ನಾನು ನಿಮ್ಮತ್ತೆ ಕಣೋ, ಬೇಗ ಬಾ, ಟ್ಯಾಂಕ್ ಖಾಲಿಯಾಗುತ್ತೆ" ಎಂದು ಉತ್ತರ ಕೊಟ್ಟಳು. ಮೈಸೂರಿನಲ್ಲಿ ಆ ಪ್ರಶ್ನೆಗೆ ಬಂದ ಮೊದಲ ಉತ್ತರ ಅದೇ.

ತರಗತಿಗೆ ಇವನು ಅರ್ಧ ಗಂಟೆ ಮುಂಚೆಯೇ ಹೋಗುತ್ತಾನೆ. ಶ್ರದ್ಧೆಯಲ್ಲ, ತಡವಾದರೆ ಬಾಗಿಲಲ್ಲಿ ಅರವತ್ತು ಮುಖಗಳನ್ನು ದಾಟಬೇಕಲ್ಲ ಎಂಬ ಭಯ. ಮುಂದಿನ ಬೆಂಚಿನಲ್ಲಿ ಕೂತರೆ ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಹಿಂದಿನ ಬೆಂಚಿಗೆ ಸ್ನೇಹಿತರಿರಬೇಕು. ಆದ್ದರಿಂದ ಮೂರನೆಯ ಬೆಂಚಿನ ಗೋಡೆಯ ತುದಿ. ಹಾಜರಿ ಕೂಗಿದಾಗ ಇವನು ಹೇಳುವ "ಎಸ್ ಸಾರ್" ಇವನಿಗೆ ಮಾತ್ರ ಕೇಳಿಸುತ್ತದೆ. ಒಂದು ದಿನವೂ ಕ್ಲಾಸು ತಪ್ಪಿಸದೆ ಹಾಜರಾತಿ ಕೊರತೆಯ ಪಟ್ಟಿಗೆ ಬಂದ ಏಕೈಕ ವಿದ್ಯಾರ್ಥಿ. ಆ ಪಟ್ಟಿಯನ್ನೂ ನೋಟಿಸ್ ಬೋರ್ಡಿನಲ್ಲಿ ಮೊದಲು ಓದಿದವನು ಇವನೇ.

ಸಿಟಿ ಬಸ್ಸಿನಲ್ಲಿ "ಸ್ವಲ್ಪ ದಾರಿ ಬಿಡಿ" ಎನ್ನಲು ನಾಲಗೆ ಏಳದೆ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯುತ್ತಾನೆ. ಕ್ಯಾಂಟೀನಿನ ಕೌಂಟರಿನಲ್ಲಿ ಹತ್ತು ಕೈಗಳ ನಡುವೆ ಕೂಗಿ ಕೂಪನ್ ಕೊಳ್ಳಬೇಕಾದ್ದರಿಂದ ಆ ಕಡೆ ತಲೆಯೇ ಹಾಕುವುದಿಲ್ಲ. ಮೂರೂವರೆಗೆ ಮನೆಗೆ ಬಂದು ತಣ್ಣಗಾದ ಸಾರನ್ನ ಉಣ್ಣುತ್ತಾನೆ. "ನಮ್ಮ ಹುಡುಗ ಹೊರಗಡೆ ಒಂದು ಲೋಟ ಟೀ ಸಹ ಕುಡಿಯಲ್ಲ" ಎಂದು ಅಕ್ಕ ಊರಿನಲ್ಲೆಲ್ಲ ಹೇಳಿಕೊಂಡು ಬಂದಳು. ಎಷ್ಟೋ ಸದ್ಗುಣಗಳ ಬುಡ ಕೆದಕಿದರೆ ಸಿಗುವುದು ಸಂಕೋಚವೇ.

ಇದಕ್ಕೆಲ್ಲ ಕಲಶವಿಟ್ಟದ್ದು ಮೊದಲ ದಿನದ ಅಂಗಿ. ದೇವರಾಜ ಅರಸು ರಸ್ತೆಯಲ್ಲಿ ಕೊಂಡ ಹೊಸ ಅಂಗಿ. ಎದೆಯ ಮೇಲೆ ಮೇಲಿಂದ ಕೆಳಗೆ 'ಎಲ್ ಎಲ್ ಎಲ್' ಎಂದು ಅಳತೆಯ ಸ್ಟಿಕ್ಕರ್ ಅಂಟಿಸಿರುತ್ತಾರಲ್ಲ, ಅದನ್ನು ಕೀಳದೆಯೇ ಹಾಕಿಕೊಂಡು ಹೋಗಿದ್ದ. ಸಂಜೆ ಕನ್ನಡಿಯಲ್ಲಿ ಕಂಡಾಗ ಕುಸಿದು ಕೂತ. "ಇಡೀ ಕಾಲೇಜು ನೋಡಿದೆ ಮಾವ. ಇನ್ನು ಮೂರು ವರ್ಷ ನನ್ನ ಇನಿಷಿಯಲ್ಲೇ ಎಲ್."

ಧೈರ್ಯ ತುಂಬುವುದು ಸೋದರಮಾವನ ಕೆಲಸ. ಇತಿಹಾಸ ತೆಗೆದೆ. "ನೋಡೋ, 1921ರಲ್ಲಿ ರಾಧಾಕೃಷ್ಣನ್ ಅವರು ಇದೇ ಊರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ, ಹೂವಿನಿಂದ ಸಿಂಗರಿಸಿದ ಗಾಡಿಯನ್ನು ಹುಡುಗರೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ವಿದ್ಯಾರ್ಥಿ ಅಂದರೆ ಹಾಗೆ ಮುನ್ನುಗ್ಗಬೇಕು."

ನಾಗರಾಜ ತುಂಬ ಹೊತ್ತು ಯೋಚಿಸಿದ. "ಅವರೆಲ್ಲ ಎಳೀತಿರುವಾಗ ನಾನು ಹೋಗಿ ಕೈ ಹಾಕಿದ್ರೆ, 'ನೀನ್ಯಾರು' ಅಂದ್ಬಿಟ್ರೆ?"

ಬಿಡಲಿಲ್ಲ ನಾನು. "ಹೋಗಲಿ, ಅದೇ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿ ಇಡೀ ಊರಿಗೆ ಕೇಳಿಸಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದೇ ಅಲ್ಲಿ."

ಇದಕ್ಕೆ ಮಾತ್ರ ಅವನ ಮುಖ ಅರಳಿತು. "ಇದು ಒಳ್ಳೇದು ಮಾವ. ನಾವು ಮಾತಾಡಿದ್ದು ಅವ್ರಿಗೆ ಕೇಳ್ಸುತ್ತೆ, ಅವ್ರ ಮುಖ ನಮಗೆ ಕಾಣಿಸಲ್ಲ."

ಅವನೂ ಐಚ್ಛಿಕ ವಿಷಯವಾಗಿ ಮನಃಶಾಸ್ತ್ರವನ್ನೇ ತೆಗೆದುಕೊಂಡಿದ್ದ. ಆಗಸ್ಟಿನ ಒಂದು ಸಂಜೆ ಮಂಕಾಗಿ ಬಂದು ಕ್ಲಾಸಿನಲ್ಲಿ ಕೇಳಿದ್ದನ್ನು ಹೇಳಿದ. 1970ರ ದಶಕದಲ್ಲಿ ಫಿಲಿಪ್ ಜಿಂಬಾರ್ಡೊ ಎಂಬುವರು ಅಮೆರಿಕದಲ್ಲಿ ವಿಚಾರಿಸಿದಾಗ ನೂರಕ್ಕೆ ನಲವತ್ತರಷ್ಟು ಜನ "ನಾವು ನಾಚಿಕೆಯವರು" ಎಂದು ಒಪ್ಪಿಕೊಂಡಿದ್ದರಂತೆ. ಇನ್ನೊಂದು ಪ್ರಯೋಗ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರದು, ಪ್ರಕಟವಾದದ್ದು 2000ದಲ್ಲಿ. ಹಾಕಿಕೊಳ್ಳಲು ಮುಜುಗರವಾಗುವಂಥ ಗಾಯಕನೊಬ್ಬನ ಚಿತ್ರದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರಬಹುದು ಎಂದು ತೊಟ್ಟವರ ಅಂದಾಜು. ನಿಜವಾಗಿ ಗಮನಿಸಿದ್ದು ಹೆಚ್ಚುಕಡಿಮೆ ಕಾಲುಭಾಗ.

"ನಿಮ್ಮ ಕ್ಲಾಸಲ್ಲಿ ಅರವತ್ತು ಜನ" ಎಂದು ನಾನು ಲೆಕ್ಕ ಹಾಕಿದೆ. "ಜಿಂಬಾರ್ಡೊ ಲೆಕ್ಕದಲ್ಲಿ ಇಪ್ಪತ್ತನಾಲ್ಕು ನಾಗರಾಜರು."

"ಮತ್ತೆ ಉಳಿದ ಇಪ್ಪತ್ಮೂರು ಜನ ಎಲ್ಲಿದಾರೆ ಮಾವ? ನಾನು ಒಬ್ಬರನ್ನೂ ನೋಡಿಲ್ಲ."

"ನೀನು ಗೋಡೆ ಕಡೆ ತಿರುಗಿ ನಿಂತರೆ ಹೇಗೋ ಕಾಣಿಸ್ತಾರೆ?"

ಮಾರನೆಯ ದಿನ ಬೋರ್ಡಿನ ಹತ್ತಿರ ಹೋದಾಗ ಇವನ ಜಾಗದಲ್ಲಿ ಇನ್ನೊಬ್ಬ ನಿಂತಿದ್ದನಂತೆ. ಪೀಠೋಪಕರಣಗಳ ಹರಾಜಿನ ನೋಟಿಸು ಓದುತ್ತಿದ್ದ. ಹರಾಜು ಮುಗಿದು ಹತ್ತು ದಿನವಾಗಿತ್ತು. ಮುಗಿದ ಹರಾಜನ್ನು ಅಷ್ಟು ತನ್ಮಯತೆಯಿಂದ ಓದುವವನು ಯಾರೆಂದು ನಾಗರಾಜನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಟಲು ಸರಿಮಾಡಿಕೊಂಡ. ಬಚ್ಚಲುಮನೆಯ ವಾಕ್ಯವನ್ನು ನೆನಪಿಸಿಕೊಂಡ. ಬಾಯಿ ತೆರೆದರೆ ಬಂದದ್ದೇ ಬೇರೆ.

"ತಿಂಡಿ ಆಯ್ತಾ?"

"ಇಲ್ಲ. ನಿಮ್ದು?"

ಮನೆಯಲ್ಲಿ ನಾಲ್ಕು ದೋಸೆ ತಿಂದು ಹೋಗಿದ್ದ ನಾಗರಾಜ "ನಂದೂ ಇಲ್ಲ" ಎಂದ. ಸ್ನೇಹಕ್ಕಾಗಿ ಅವನು ಹೇಳಿದ ಮೊದಲ ಸುಳ್ಳು. ಒಂದು ಪ್ಲೇಟ್ ಎಂದು ಕೂಗಲಾರದ ಗಂಟಲಿಗೆ ಎರಡು ಪ್ಲೇಟ್ ಎಂದು ಕೂಗುವುದು ಸಲೀಸಾಯಿತು. ಹೆಸರು ಕೇಳಿಕೊಂಡದ್ದು ಕೊನೆಗೆ, ಕೈ ತೊಳೆಯುವಾಗ.

ಆಮೇಲೆ ನನಗೂ ಅನ್ನಿಸಿತು, 'ಹಾಯ್'ಗೆ ಉತ್ತರ ಇನ್ನೊಂದು ಹಾಯ್, ಮಾತು ಅಲ್ಲಿಗೆ ಸತ್ತಿತು. 'ತಿಂಡಿ ಆಯ್ತಾ'ಗೆ ಹಾಗಲ್ಲ. ಆಯ್ತು ಎಂದರೆ 'ಏನು ತಿಂಡಿ?', ಇಲ್ಲ ಎಂದರೆ 'ಬನ್ನಿ'. ಎರಡು ಕಡೆಯೂ ಬಾಗಿಲು. ನಮ್ಮ ಹಿರಿಯರು ಜಿಂಬಾರ್ಡೊನನ್ನು ಓದಿರಲಿಲ್ಲ, ಅಷ್ಟೆ.

ತಿ. ನರಸೀಪುರದ ಕಡೆಯ ಆ ಹುಡುಗನನ್ನು ಒಂದು ವಾರದ ಮೇಲೆ ನಾಗರಾಜ ಮೆಲ್ಲಗೆ ಕೇಳಿದ, "ಮೊದಲ ದಿನ ನನ್ನ ಶರ್ಟ್ ಮೇಲೆ ಎಲ್ ಸ್ಟಿಕ್ಕರ್ ಇತ್ತಲ್ಲ, ನಕ್ಕಿದ್ಯಾ?" ಅವನು ಕಣ್ಣರಳಿಸಿದ. "ಅವತ್ತು ನನ್ನ ಚಪ್ಪಲಿ ಉಂಗುಷ್ಟ ಕಿತ್ತುಹೋಗಿತ್ತು ಕಣೋ. ಇಡೀ ಕಾಲೇಜು ನನ್ನ ಕಾಲೇ ನೋಡ್ತಿದೆ ಅಂತ ನಾನು ತಲೆಯೇ ಎತ್ತಲಿಲ್ಲ."

ದಸರಾ ಹೊತ್ತಿಗೆ ಇಬ್ಬರು ಆರು ಜನರಾದರು. ಮನೆಯಲ್ಲಿ ಸಾರನ್ನ ಉಳಿಯತೊಡಗಿತು. "ಹುಡುಗ ಹೊರಗಡೇನೇ ತಿಂತಾನಂತೆ?" ಎಂದು ಅಕ್ಕ ಫೋನಿನಲ್ಲಿ ನಿಟ್ಟುಸಿರಿಟ್ಟಳು. ನವೆಂಬರಿನಲ್ಲಿ ಒಂದು ಸಂಜೆ ನಾಗರಾಜ ಕೈ ಹಿಸುಕಿಕೊಳ್ಳುತ್ತಾ ಎದುರು ನಿಂತ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ದಾಟಿಹೋಗಿತ್ತು. ಆರೂ ಜನರಿಗೆ ದಂಡ.

"ನೋಟಿಸ್ ಹಾಕಿರಲಿಲ್ವೇನೋ?"

"ಹಾಕಿದ್ರಂತೆ. ನೋಟಿಸ್ ಬೋರ್ಡ್ ಯಾರು ಓದ್ತಾರೆ ಮಾವ?"

ದಂಡದ ದುಡ್ಡು ಎಣಿಸಿ ಕೊಟ್ಟೆ. ತೆಗೆದುಕೊಂಡವನು ಕದಲಲಿಲ್ಲ.

"ಇನ್ನೊಂದು ನೂರು ಇರ್ಲಿ ಮಾವ."

"ಅದ್ಯಾಕೋ?"

"ಇವತ್ತು ದಂಡದ ಕೌಂಟರ್ ಹತ್ರ ಒಬ್ಬ ಇದ್ದ. ಬರೀ ಚಲನ್ನೇ ಹಿಂದೆ ಮುಂದೆ ತಿರುಗಿಸಿ ಓದ್ತಾ ನಿಂತಿದ್ದ. ನಾಳೆ ಅವನೂ ಕಟ್ಟೋಕೆ ಬರ್ತಾನೆ. ತಿಂಡಿ ಆಗಿರಲ್ಲ."