ಅಜ್ಜನ ಕೋವಿ, ಮೊಮ್ಮಗನ ಪಾಲಿಶ್

ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಹಳೇ ರೈಫಲ್ ಕೊಳ್ಳುವುದೆಂದರೆ ಫೋಟೊ ನೋಡಿ ಗಂಡು ಒಪ್ಪಿದ ಹಾಗೆ. ಹನ್ನೆರಡು ಚಿತ್ರಗಳಲ್ಲಿ ಹನ್ನೊಂದು ಮರದ ಹಿಡಿಯವು. ನಳಿಗೆಯ ಒಳಗಿನದೊಂದೇ ಮಬ್ಬು. ತುಕ್ಕು ಕೂತಿರುವುದೂ ಅಲ್ಲೇ!

ವಿಂಚೆಸ್ಟರ್ 94 ರೈಫಲನ್ನೇ ನೋಡಿ. 1964ರಲ್ಲಿ ಕಂಪನಿ ಖರ್ಚು ಉಳಿಸಲು ತಯಾರಿಕೆಯ ವಿಧಾನ ಬದಲಿಸಿತು. ಅಂದಿನಿಂದ ಸಂಗ್ರಾಹಕರಿಗೆ 1963ರದು ಮುದ್ದಿನ ಮಗ, 1964ರದು ಮಲಮಗ. ಹುಟ್ಟಿದ ವರ್ಷ ತಿಳಿಯಲು ಸೀರಿಯಲ್ ನಂಬರನ್ನು ಜಾತಕದಂತೆ ಓದುತ್ತಾರೆ.

ಇತ್ತ ಮೊಮ್ಮಗನೊಬ್ಬ ಅಜ್ಜನ ಕೋವಿಯನ್ನು ಉಜ್ಜಿ, ಫಳಫಳಿಸಿ, ‘ಹೊಸದರಂತಿದೆ’ ಎಂದು ಬೆಲೆ ಏರಿಸಿರುತ್ತಾನೆ. ಪಾಪ! ಮೂಲ ಮೆರುಗು ಹೋದೊಡನೆ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿದಾಗಿದೆ.

ದರ ಕುದುರಿದರೂ ಪಾರ್ಸೆಲ್ ಸಾಮಾನ್ಯವಾಗಿ ನೇರ ಮನೆಗೆ ಬರದು. 1968ರ ಕಾನೂನಿನಂತೆ, ಬೇರೆ ರಾಜ್ಯದಿಂದ ಕೊಂಡ ಕೋವಿ ಸಾಮಾನ್ಯವಾಗಿ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಕೈಸೇರಬೇಕು. ಆತನ ಶುಲ್ಕ, ಸಾಗಣೆ ಖರ್ಚು ಕೂಡಿಸುವಷ್ಟರಲ್ಲಿ ಅಗ್ಗದ ಮಾಲು ಪಕ್ಕದ ಬೀದಿಯ ಅಂಗಡಿಯ ದರಕ್ಕೇ ಬಂದು ನಿಂತಿರುತ್ತದೆ.